ಹೆಸರು ಕೇಳುವ ಖಾಲಿ ಜಾಗ

ಒಂದೂರಿನಲ್ಲಿ ಒಬ್ಬ ರಾಣಿ ಇದ್ದಳಂತೆ, ರಾಜ ಏಳು ಸಮುದ್ರದಾಚೆ ಇದ್ದನಂತೆ. ಅವನ ಸುದ್ದಿ ತರುವ ಗಿಳಿ ಬಂದು ಕೂತಾಗಲೆಲ್ಲ ಬೇರೆ ನೂರು ಗಿಳಿಗಳು ಎಣ್ಣೆ ತೀರಿತು, ಆನೆ ಉಣ್ಣಲಿಲ್ಲ, ಅಗಸ ಬಂದ ಎಂದು ಕಿರುಚುತ್ತಿದ್ದವು. ಬೇಸತ್ತ ರಾಣಿ ಕಿಟಕಿಯನ್ನೇ ಮುಚ್ಚಿಸಿದಳು. ಚಿಕ್ಕಂದಿನಲ್ಲಿ ನನಗೆ ಈ ಕಥೆ ಹೇಳುತ್ತಿದ್ದ ಹಂಪವ್ವಜ್ಜಿ ಮುಂದೇನು ಹೇಳುತ್ತಿದ್ದಳೋ, ಅಷ್ಟರಲ್ಲಿ ನನಗೆ ನಿದ್ದೆ.

ನನ್ನಣ್ಣನ ಹೆಂಡತಿ ಅಮರಮ್ಮ ವೈನಿಯೂ ಹಾಗೇ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಕುಷ್ಟಗಿಯ ಬೀಜದ ಕಂಪನಿಯೊಂದರಲ್ಲಿ ಅವರಿಗೆ ಕಂಪ್ಯೂಟರ್ ಕೆಲಸ. ಮೊಬೈಲು ಡ್ರಾಯರಿನಲ್ಲಿಡಬೇಕೆಂಬ ನಿಯಮ ಅಲ್ಲಿಯದು. ಗಿಣಿಗೇರಾದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನಣ್ಣ ಯಮನೂರ ಈಗ ಸರಕಿನ ಹಡಗಿನಲ್ಲಿದ್ದಾನೆ. ಮಧ್ಯಾಹ್ನ ಅವನ ಸರದಿ ಬಂದಾಗ ಸ್ವಲ್ಪ ಹೊತ್ತು ನೆಟ್ ಸಿಗುತ್ತದೆ, ಮೇಲ್ ಮಾತ್ರ ಹೋಗುತ್ತದೆ. ಆಗಲೇ ಉತ್ತರ ಬರೆದರೆ ಅವನು ಇನ್ನೊಂದು ಬರೆಯುತ್ತಾನೆ. ಗಂಡಹೆಂಡಿರ ಮಾತು ಅಂದರೆ ಅಷ್ಟೇ. ಆದರೆ ಪರದೆಯ ಮೂಲೆಯಲ್ಲಿ ಸ್ಟಾಕು, ತೂಕ, ಬ್ಯಾಂಕಿನ ಆಫರು ಒಂದರ ಮೇಲೊಂದು ಪುಟಿಯುತ್ತಿದ್ದುದರಿಂದ ವೈನಿ ಸೂಚನೆಗಳನ್ನೆಲ್ಲ ಬಂದ್ ಮಾಡಿದ್ದರು. ಸಂಜೆ ಮೇಲ್ ತೆರೆದರೆ ಅವನ ಸಾಲು ಸಿಗುತ್ತಿತ್ತು: "ಅದೀಯೇನು? ಇಲ್ಲೇನು? ಇರ್ಲಿ ಬಿಡು."

"ಶರಣಿ, ಅವರ ಮೇಲ್ ಬಂದಾಗಷ್ಟ ಕಂಪ್ಯೂಟರ್ ನನ್ನ ಕರಿಯೋ ಹಂಗ ಮಾಡಿಕೊಡ್ತೀಯೇನವಾ?"

ಕೊಪ್ಪಳದಲ್ಲಿ ಪ್ರೋಗ್ರಾಂ ಬರೆಯುವವಳು ನಾನು. "ಮಾಡಿಕೊಡ್ತೀನ್ರಿ ವೈನಿ," ಎಂದು ಮಾತು ಕೊಟ್ಟೆ.

ಉಳಿದ ಸೂಚನೆಗಳೆಲ್ಲ ಒಂದು ಕಡೆ ಗುಡ್ಡೆ ಬಿದ್ದು, ಸಂಜೆ ಚಹಾದ ಹೊತ್ತಿಗೆ ಒಟ್ಟಿಗೆ ಕಾಣುವಂತೆ ಮಾಡಿದೆ. ಬೇಕಾದವರದು ಬಂದರೆ ಮಾತ್ರ ತಕ್ಷಣ ಮೂಲೆಯಲ್ಲಿ ಹೆಸರು, ಮೊದಲ ಸಾಲು, ಅಲ್ಲೇ ಉತ್ತರ ಬರೆಯಲು ಜಾಗ. ನೋಡುವ ತನಕ ಅದು ಹೋಗಬಾರದು. ಇಷ್ಟು ಮಾಡಿ, ಯಾರದು ಬಂದರೆ ಕರೆಯಬೇಕು ಎಂದು ಒಂದೇ ಪ್ರಶ್ನೆ ಇಟ್ಟು ಕಳಿಸಿದೆ.

ವಾರ ಕಳೆದು ಫೋನ್ ಮಾಡಿದೆ. "ಕರೀತೇನ್ರಿ?"

"ಇಲ್ಲವಾ. ಸಂಜಿಕ ಗುಡ್ಡಿಯೊಳಗ ಸಿಗ್ತಾವ."

ಬರೆದ ಪ್ರೋಗ್ರಾಂ ಅನ್ನು ಮತ್ತೆ ಮತ್ತೆ ನೋಡಿದೆ, ತಪ್ಪು ಸಿಗಲಿಲ್ಲ. ಬಸ್ಸು ಹತ್ತಿ ಕುಷ್ಟಗಿಗೆ ಹೋದೆ. ಪ್ರಶ್ನೆಯ ಮುಂದೆ ಹೆಸರು ಬರೆಯುವ ಜಾಗ ಖಾಲಿ!

"ವೈನಿ, ಅಣ್ಣನ ಹೆಸರ ಬರದಿಲ್ಲಲ್ರಿ!"

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಗಂಡನ ಹೆಸರ ಬಾಯಾಗ ತಗೊಂಡಾಕಿ ಅಲ್ಲ ನಾ. ಕೈಲೇ ಹೆಂಗ ಬರೀಲಿ?"

ಪಕ್ಕದ ಮೇಜಿನ ನಸೀಮಾಬಿಗೆ ನಗು ತಡೆಯಲಿಲ್ಲ. "ಮದುವಿಯಾಗ ಪದ ಕಟ್ಟಿ ಹೆಸರ ಹೇಳ್ತಾರಲ್ಲ, ಹಂಗ ಒಡಪಾ ಹಾಕಿ ಬರಿಯವಾ ಅಂದೆ. ಅಷ್ಟುದ್ದ ಒಡಪಾ ಹಿಡಸೂದಿಲ್ಲಂತ ಅದ್ರಾಗ!"

ಆ ಜಾಗ ಹೆಸರಿಗೆ ಕಾಯುತ್ತಿತ್ತು, ಇವರು ಕರೆಗೆ ಕಾಯುತ್ತಿದ್ದರು, ಅಲ್ಲಿ ನೀರಿನ ನಡುವೆ ಅವನು.

ಅಲ್ಲೇ ಕೂತು ಪ್ರಶ್ನೆಯನ್ನೇ ಕಿತ್ತುಹಾಕಿದೆ. ಬಂದ ಪ್ರತಿ ಮೇಲ್‌ನ ಪಕ್ಕ "ಇವರದು ಬಂದರೆ ಕರೆ" ಎಂಬ ಗುಂಡಿ ಇಟ್ಟೆ. ವೈನಿ ಅಣ್ಣನ ಹಳೆಯ ಮೇಲ್ ತೆರೆದು, ಅಕ್ಕಪಕ್ಕ ನೋಡಿ, ಒತ್ತಿದರು.

ಊಟವಾಯಿತು. ಕಾದೆವು. ಬೀಜದ ಚೀಲದ ಲಾರಿ ಬಂತು, ಹೋಯಿತು. ಮೂಲೆ ಬೆಳಗಿತು.

"ಇವತ್ತ ನೀರು ಭಾಳ ನೀಲಿ ಕಾಣಾಕತ್ತಾವ. ಅದೀಯೇನು?"

ವೈನಿಯ ಬೆರಳು ಎರಡು ಸಲ ತಪ್ಪಿತು. "ಅದೀನ್ರಿ," ಎಂದು ಬರೆದು ಕಳಿಸಿ ಮೂಲೆಯನ್ನೇ ನೋಡುತ್ತ ಕೂತರು.

ಮೂಲೆ ಮತ್ತೆ ಬೆಳಗಿತು.

"ನೀ ಅತ್ತಾಗ ನೋಡವಾ," ಎಂದರು ವೈನಿ. ನಾನು ನಸೀಮಾಬಿಯ ಕಡೆ ತಿರುಗಿ ಕೂತೆ. ಬೆನ್ನ ಹಿಂದೆ ಕೀಲಿಗಳ ಸದ್ದು ನಿಲ್ಲಲಿಲ್ಲ.