ದೊಡ್ಡಮ್ಮನ ಬಟ್ಟಲು

ಆ ಕೋಣೆಗೆ ಹೋಗುವಾಗ ಟೈಲರಮ್ಮ ದಿನವೂ ಮೊದಲು ಬಾಗಿಲು ತಟ್ಟುತ್ತಿದ್ದಳು. ಒಳಗೆ ಮನುಷ್ಯರು ಯಾರೂ ಇಲ್ಲವೆಂದು ಗೊತ್ತಿತ್ತು. ಆದರೂ ತಟ್ಟದೆ ನುಗ್ಗಿದರೆ ಒಳಗಿನವು ಗಾಬರಿಬಿದ್ದು ಏನಾದರೂ ಮಾಡಿಬಿಟ್ಟರೆ? ಗೋಡೆಯುದ್ದಕ್ಕೂ ಏಳು ಗಾಜಿನ ಪೆಟ್ಟಿಗೆ. ಒಂದೊಂದರಲ್ಲಿ ಒಂದೊಂದು ಟರಂಟುಲಾ, ಅಂದರೆ ಅಂಗೈಯಗಲದ, ಮೈತುಂಬ ರೋಮವಿರುವ ಜೇಡ. ಅವನ್ನು ಸಾಕಿದವನು ಅವಳ ಮೈದುನ, ಕಸುಬಿನಲ್ಲಿ ಎಲೆಕ್ಟ್ರಿಷಿಯನ್. ಏಣಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದ.

ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಅವನು ಕೇಳಿಕೊಂಡದ್ದು ಒಂದೇ.

“ಅತ್ತಿಗೆ, ಬಟ್ಟಲಲ್ಲಿ ನೀರು ಒಣಗೋಕೆ ಬಿಡಬೇಡಿ. ಊಟ ತಿಂಗಳುಗಟ್ಟಲೆ ಇಲ್ಲದಿದ್ರೂ ತಡ್ಕೊಳ್ತವೆ. ನೀರು ಮಾತ್ರ ಬೇಕೇ ಬೇಕು.”

“ಆಯ್ತಪ್ಪಾ, ನೀನು ಹೋಗಿ ಬಾ,” ಎಂದಿದ್ದಳು. ಆ ಹೊತ್ತಿನಲ್ಲಿ ಹುಲಿಗೆ ಹಲ್ಲುಜ್ಜಿಸಿ ಎಂದಿದ್ದರೂ ಆಯ್ತು ಎನ್ನುತ್ತಿದ್ದಳೇನೋ.

ಮನೆಯಲ್ಲಿ ಬೇರೆ ಯಾರೂ ಒಪ್ಪುವ ಹಾಗಿರಲಿಲ್ಲ. ಗಂಡ ಬಸ್ ಡ್ರೈವರ್. ಬ್ರೇಕು ಕೈಕೊಟ್ಟ ಬಸ್ಸನ್ನು ಇಳಿಜಾರಿನಲ್ಲಿ ನಿಲ್ಲಿಸಿ ಹೆಸರು ಮಾಡಿದವನು, ತಮ್ಮನ ಕೋಣೆಯ ಕಡೆ ಮಾತ್ರ ತಲೆ ಹಾಕುತ್ತಿರಲಿಲ್ಲ. “ಎಂಟು ಕಾಲಿನ ಪ್ಯಾಸೆಂಜರನ್ನ ನಾನು ಹತ್ತಿಸ್ಕೊಳ್ಳಲ್ಲಮ್ಮಾ,” ಎಂದು ಕೈ ತೊಳೆದುಕೊಂಡ. ಅತ್ತೆಯ ಮಾತು ಇನ್ನೂ ನೇರ: “ಜೇಡ ಕಂಡ್ರೆ ಪೊರಕೆ ಹಿಡೀತಾರೆ ಕಣೇ. ಯಾರಾದ್ರೂ ನೀರಿನ ಚೆಂಬು ಹಿಡೀತಾರಾ?”

ನೀರು ತುಂಬಲು ಮೈದುನ ಉದ್ದ ಮೂತಿಯ ಬಾಟಲಿಯೊಂದನ್ನು ಇಟ್ಟಿದ್ದ. ಮುಚ್ಚಳದ ಚಿಲಕ ತೆಗೆದು, ಮೂತಿಯನ್ನು ಬಟ್ಟಲಿಗೆ ಮುಟ್ಟಿಸಿ ಹಿಂಡಿದರೆ ಮುಗಿಯಿತು. ಮೊದಲ ದಿನ ಅವಳು ಚಿಲಕದ ಮೇಲೆ ಬೆರಳಿಟ್ಟಳು. ಒಳಗೆ ಒಂದು ಕಾಲು ಮೆಲ್ಲಗೆ ಮೇಲೆದ್ದಿತು. ಅಷ್ಟೇ. ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಗೆ ಬಂದಿದ್ದಳು.

ಮರುದಿನ ಉಪಾಯ ಹೊಳೆಯಿತು. ಇಸ್ತ್ರಿಗೆ ಮುಂಚೆ ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಇತ್ತಲ್ಲ! ಮುಚ್ಚಳದಲ್ಲಿ ಗಾಳಿಗೆಂದು ಕೊರೆದ ತೂತುಗಳಿದ್ದವು. ಅಲ್ಲಿಂದಲೇ ಒತ್ತಿದಳು. ಗಾಜಿನ ಮೇಲೆ ಹನಿ ಕೂತಿತು, ಕೆಳಗೆ ಹಾಸಿದ್ದ ತೆಂಗಿನ ನಾರಿನ ಪುಡಿ ಕಪ್ಪಾಯಿತು. ಹದವಾಗಿ ನೆನೆದ ಕಾಟನ್ನಿನ ಹಾಗೆ ಕಂಡಿತು ಅವಳಿಗೆ. ವರ್ಷಗಟ್ಟಲೆ ಬಟ್ಟೆಯ ಜೊತೆ ಬದುಕಿದ ಕಣ್ಣು. ಮೇಲೆ ಒದ್ದೆ ಕಂಡರೆ ನೀರು ಸೇರಿತೆಂದೇ ಅದರ ಲೆಕ್ಕ. ಬಟ್ಟಲು ಮರದ ತೊಗಟೆಯ ಹಿಂದಿತ್ತು. ಅಷ್ಟು ದೂರ ಬಗ್ಗಿ ನೋಡುವ ಧೈರ್ಯ ಅವಳಿಗೆ ಒಂದು ದಿನವೂ ಬರಲಿಲ್ಲ.

ಸಂಜೆ ಆಸ್ಪತ್ರೆಯಿಂದ ಫೋನ್ ಬರುತ್ತಿತ್ತು.

“ಬಟ್ಟಲು ತುಂಬಿಸಿದ್ರಾ ಅತ್ತಿಗೆ?”

“ತುಂಬಿಸಿದೆ ಕಣೋ.”

“ದೊಡ್ಡಮ್ಮ ಹೇಗಿದ್ದಾಳೆ?”

“ನಿನಗಿಂತ ವಾಸಿ. ಅವಳ ಕಾಲು ಎಂಟೂ ನೆಟ್ಟಗಿವೆ.”

“ನಗಿಸಬೇಡಿ, ಹೊಲಿಗೆ ಎಳೆಯುತ್ತೆ!”

ದೊಡ್ಡಮ್ಮ ಎಲ್ಲಕ್ಕಿಂತ ಹಿರಿಯ ಜೇಡ. ಟೈಲರಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ, ಇನ್ನೂ ಮೀಸೆ ಮೂಡದ ಮೈದುನ ಅದನ್ನು ಹೆಸರುಕಾಳಿನಷ್ಟಿದ್ದಾಗ ಡಬ್ಬಿಯಲ್ಲಿ ತಂದಿದ್ದ. ಅಂದಿನಿಂದ ಒಂದು ದಿನವೂ ಅದರ ಬಟ್ಟಲು ಬತ್ತಲು ಬಿಟ್ಟವನಲ್ಲ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಇವಳ ಸುಳ್ಳು ಮಾತ್ರ ದಿನಕ್ಕೊಂದು ಹೆಜ್ಜೆ ಮುಂದಿಡುತ್ತಲೇ ಹೋಯಿತು.

ಬಿಸಿಲು ಏರಿದ ವಾರ, ಒಂದು ಮಧ್ಯಾಹ್ನ ಅವಳು ಸ್ಪ್ರೇ ಹಿಡಿದು ಒಳಗೆ ಹೋದಾಗ ದೊಡ್ಡಮ್ಮ ಪೆಟ್ಟಿಗೆಯ ನಡುವೆ ಬಿದ್ದಿತ್ತು. ಎಂಟೂ ಕಾಲು ಮಡಚಿ ಹೊಟ್ಟೆಯಡಿ ಸೇರಿದ್ದವು, ಬಿಗಿಹಿಡಿದ ಮುಷ್ಟಿಯ ಹಾಗೆ. ಗುಂಡಗಿರುತ್ತಿದ್ದ ಹೊಟ್ಟೆ ಸುಕ್ಕುಗಟ್ಟಿತ್ತು. ಅವಳು ಆ ದಿನ ಮೊದಲ ಸಲ ಬಗ್ಗಿ ತೊಗಟೆಯ ಹಿಂದೆ ನೋಡಿದಳು. ಜೇಡವೇ ಕೆದರಿದ ಪುಡಿ ಬಟ್ಟಲಿನ ತುಂಬ ಬಿದ್ದು ಒಣಗಿ ಗಟ್ಟಿಯಾಗಿತ್ತು. ಒಂದು ತೊಟ್ಟು ನೀರಿರಲಿಲ್ಲ.

ಇಷ್ಟು ದಿನ ಅದು ಎಲ್ಲಿ ಅಲುಗಾಡುತ್ತದೋ ಎಂಬ ಭಯ. ಈಗ ಅಲುಗಾಡುತ್ತಿಲ್ಲವಲ್ಲ ಎಂಬ ಭಯ.

ಅತ್ತೆ ಹೊಸ್ತಿಲಾಚೆಯಿಂದಲೇ ಇಣುಕಿದರು. “ಹೋಯ್ತಾ? ಪೀಡೆ ಕಳೀತು ಬಿಡು. ವಯಸ್ಸಾಗಿತ್ತು, ಹೋಯ್ತು ಅಂದ್ರಾಯ್ತು ಅವನಿಗೆ. ನಿನ್ನನ್ನ ಯಾರು ಕೇಳ್ತಾರೆ?”

ಹೌದಲ್ಲ, ಯಾರು ಕೇಳುತ್ತಾರೆ? ಆ ಯೋಚನೆ ಬಂದದ್ದಕ್ಕೇ ಅವಳಿಗೆ ಇನ್ನಷ್ಟು ಹೆದರಿಕೆಯಾಯಿತು. ಅಷ್ಟರಲ್ಲಿ ಒಂದು ಕಾಲಿನ ತುದಿ ಸಣ್ಣಗೆ ಅದುರಿತು. ಅವಳು ಫೋನ್ ಎತ್ತಿಕೊಂಡಳು.

“ದೊಡ್ಡಮ್ಮ ಕಾಲು ಮಡಚ್ಕೊಂಡು ಬಿದ್ದಿದಾಳೆ ಕಣೋ. ಬಟ್ಟಲು ಒಣಗಿದೆ. ನಾನು ಮುಚ್ಚಳ ತೆಗೆದೇ ಇರಲಿಲ್ಲ. ಮೇಲಿಂದ ಸ್ಪ್ರೇ ಹೊಡೀತಿದ್ದೆ.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಸ್ಪೀಕರಿಗೆ ಹಾಕಿ ಅತ್ತಿಗೆ,” ಎಂದ. “ಬಟ್ಟಲು ತೊಳೆದು ಅಂಚಿನ ತನಕ ನೀರು ತುಂಬಿ ಒಳಗಿಡಿ. ಅವಳನ್ನ ಎತ್ತಿ ಅದರ ಅಂಚಿಗೆ ತನ್ನಿ. ಬಾಯಿ ನೀರಿಗೆ ತಾಗಬೇಕು. ಹೊಟ್ಟೆ ಮಾತ್ರ ಮುಳುಗಬಾರದು, ಉಸಿರಾಡೋದು ಅದರ ಕೆಳಗಿಂದ.”

“ಎತ್ತೋದಾ? ನಾನಾ?”

“ಅಮ್ಮನ ಅಗಲ ಸೌಟು ತಗೊಳ್ಳಿ.”

“ನನ್ನ ಸೌಟಾ!” ಅತ್ತೆ ಕಿರುಚಿದರು. ಕಿರುಚುತ್ತಲೇ ಅಡುಗೆಮನೆಗೆ ಓಡಿ ಸೌಟು ತಂದು, ಹೊಸ್ತಿಲಾಚೆಯಿಂದ ಕೈ ಚಾಚಿ ಕೊಟ್ಟರು.

ಟೈಲರಮ್ಮ ಚಿಲಕ ತೆಗೆದಳು. ಒಣಗಿದ ಬಟ್ಟಲನ್ನು ಎರಡು ಬೆರಳಲ್ಲಿ ಎತ್ತಿ, ತೊಳೆದು, ನೀರು ತುಂಬಿ ಒಳಗಿಟ್ಟಳು. ಸೌಟನ್ನು ಪುಡಿಯೊಳಗೆ ತೂರಿಸಿ ಜೇಡದ ಕೆಳಗೆ ಸರಿಸಿದಳು. ಭಾರವೇ ಇರಲಿಲ್ಲ. ಇಷ್ಟು ಹಗುರದ್ದಕ್ಕೆ ಇಷ್ಟೊಂದು ಹೆದರಿದೆನೇ ಎನಿಸಿತು.

“ಕೈ ತಪ್ಪಿ ಬಿದ್ರೆ ಏನೋ ಗತಿ?”

“ಬೀಳಿಸಬೇಡಿ ಅತ್ತಿಗೆ. ಹೊಟ್ಟೆಯ ಚರ್ಮ ತೆಳು, ಬಿದ್ರೆ ಒಡೆದುಹೋಗುತ್ತೆ.”

ಮುಂಭಾಗ ನೀರಿಗೆ ತಾಗುವಂತೆ ಇಟ್ಟಳು. ಸೌಟು ತೆಗೆದರೆ ಅದು ಜಾರಿ ಪೂರ್ತಿ ನೀರಿಗೆ ಬೀಳುವಂತಿತ್ತು. ಹಾಗಾಗಿ ತೆಗೆಯುವಂತಿಲ್ಲ. ಕೈ ಪೆಟ್ಟಿಗೆಯೊಳಗೇ ಉಳಿಯಿತು. ತೋಳು ಜೋಮು ಹಿಡಿಯಿತು, ಬೆವರು ಕಣ್ಣಿಗಿಳಿಯಿತು.

ತುಂಬ ಹೊತ್ತಾದ ಮೇಲೆ ಜೇಡದ ಮುಷ್ಟಿ ಸಡಿಲವಾಯಿತು. ಮೊದಲು ಒಂದು ಕಾಲು ಚಾಚಿತು, ಆಮೇಲೆ ಇನ್ನೊಂದು. ಮೂರನೆಯದು ಗಾಳಿಯಲ್ಲಿ ಹುಡುಕಾಡಿ, ಸೌಟಿನ ಹಿಡಿಯ ಮೇಲೆ ಬಂದು, ಅವಳ ತೋರುಬೆರಳ ಮೇಲೆ ಕೂತಿತು. ಮೆತ್ತಗೆ, ತಣ್ಣಗೆ, ಒದ್ದೆಯಾಗಿ.

ಮೈಯ ಒಂದೊಂದು ಕೂದಲೂ ನಿಮಿರಿತು. ಕೂಗು ಗಂಟಲಿಗೆ ಬಂತು. ಕೈ ಕೊಡವಿದರೆ ಅದರ ಕತೆ ಮುಗಿಯುತ್ತದೆ. ಅವಳು ತುಟಿ ಕಚ್ಚಿ ಹಿಡಿದಳು. ಬಾಯಲ್ಲಿ ರಕ್ತದ ರುಚಿ ಬಂತು.

“ಅತ್ತಿಗೆ? ಏನಾಯ್ತು ಹೇಳಿ!”

“ಮೆತ್ತಗೆ ಮಾತಾಡು,” ಪಿಸುಗುಟ್ಟಿದಳು. “ನಿನ್ನ ದೊಡ್ಡಮ್ಮ ನನ್ನ ಕೈ ಹಿಡ್ಕೊಂಡು ನೀರು ಕುಡೀತಿದಾಳೆ.”

ಆ ಕಡೆ ಅವನು ಅತ್ತನೋ ನಕ್ಕನೋ ತಿಳಿಯಲಿಲ್ಲ. ಆಮೇಲೆ ಮೂಗು ಒರೆಸಿಕೊಂಡ ಸದ್ದು. “ಉಳಿದ ಆರು ಬಟ್ಟಲೂ ಹಾಗೇ ಒಣಗಿರ್ತವೆ ಅಲ್ವಾ?”

ಅವಳು ಕಾಲು ತಾನಾಗಿ ಬೆರಳನ್ನು ಬಿಡುವ ತನಕ ಕಾದು, ಸೌಟನ್ನು ಎಳೆದುಕೊಂಡು, ಮುಚ್ಚಳ ಹಾಕಿದಳು. ಪಕ್ಕದ ಪೆಟ್ಟಿಗೆಯಲ್ಲಿ ಇದ್ದದ್ದು ಎಲ್ಲಕ್ಕಿಂತ ಚುರುಕಿನದು, ಕಣ್ಣು ಮಿಟುಕಿಸುವಷ್ಟರಲ್ಲಿ ಗೋಡೆ ಹತ್ತುತ್ತದೆ ಎಂದು ಮೈದುನ ಎಂದೋ ಹೇಳಿದ್ದ. ಅದು ಆಗಲೇ ಮುಂಗಾಲೆತ್ತಿ ನಿಂತಿತ್ತು.

“ಅತ್ತೆ, ಬಾಗಿಲು ಹಾಕ್ಕೊಳ್ಳಿ,” ಎಂದಳು.

“ನೀನು?”

“ನಾನು ಒಳಗಿರ್ತೀನಿ.”

ಬಾಗಿಲು ಮುಚ್ಚಿತು. ಅವಳು ಉದ್ದ ಮೂತಿಯ ಬಾಟಲಿಯನ್ನು ಎಡಗೈಗೆ ತೆಗೆದುಕೊಂಡು, ಬಲಗೈಯನ್ನು ಪಕ್ಕದ ಪೆಟ್ಟಿಗೆಯ ಚಿಲಕದ ಮೇಲಿಟ್ಟಳು.