ಬಹಳ ಕಾಲ ಬದುಕುವವನು

ಮೂಗಿನ ತುದಿಗೆ ಬೆಳಕು ಸೋಕುತ್ತಿದೆ, ತಲೆ ಬಂತು, ಒಂದು ಕೈ ಬಂತು, ಇನ್ನೊಂದು ಭುಜ ಮಾತ್ರ ಬಾಯ್ಲರಿನ ಕಿಂಡಿಗೆ ಸಿಕ್ಕಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ, ಒಳಗಿನ ಮಸಿಯೆಲ್ಲ ಕೆರೆದು ಮುಗಿಸಿದವನಿಗೆ ಹೊರಬರುವುದೇ ಹೆರಿಗೆಯಾಯಿತಲ್ಲ, ಮೇಸ್ತ್ರಿ ನಗುತ್ತಾನೆ, ಉಸಿರು ಬಿಡೋ ಚಿರಂಜೀವಿ, ನಿಂಗೇನಾಗತ್ತೆ — ಉಸಿರು ಬಿಟ್ಟ, ಕಬ್ಬಿಣ ಇನ್ನೂ ಒತ್ತಿತು, ಆವತ್ತು ಗೋಡೆಯೂ ಹೀಗೇ ಒತ್ತಿತ್ತು, ಚಿಮಣಿಯ ಬುಡ ಕುಸಿದು ಭಾವನೂ ತಾನೂ ಒಂದೇ ಇಟ್ಟಿಗೆ ರಾಶಿಯಡಿ, ಹೊರಬಂದದ್ದು ತಾನೊಬ್ಬ, ಅಕ್ಕನ ಗಂಡ ಬರಲಿಲ್ಲ, ಆ ವಾರವೇ ಈ ಹೆಸರು ಬಿತ್ತು, ಅಂದಿನಿಂದ ಎಲ್ಲಿ ಕತ್ತಲೋ ಎಲ್ಲಿ ಬಿರುಕೋ ಅಲ್ಲಿಗೆಲ್ಲ ಇವನೇ, ಬೇರೆಯವರಿಗೆ ಹೆಂಡ್ತಿ ಮಕ್ಕಳಿದಾರೆ ಕಣಯ್ಯ, ನಿನ್ನ ಕಂಡ್ರೆ ಸಾವೂ ಹೆದರತ್ತೆ, ಆ ಮಾತಿಗೆ ಆಗ ಎದೆ ಉಬ್ಬಿತ್ತು ಬೇರೆ, ಥೂ — ಮನೆ ಬಾಗಿಲಿಗೆ ಬಂದೂ ಹಾಗೇ ಕೂಗುತ್ತಾರೆ, ಚಿರಂಜೀವಿ ಇದಾನಾ, ಬಟ್ಟೆ ಹರವುತ್ತಿದ್ದ ಅಕ್ಕನ ಕೈ ನಿಂತುಬಿಡುತ್ತದೆ, ಭಾವನ ನೀಲಿ ಅಂಗಿ, ಯಾರೂ ತೊಡದ ಅಂಗಿಯನ್ನು ಅವಳು ಇನ್ನೂ ಒಗೆಯುತ್ತಾಳೆ, ಹಿಂಡದೆ ನೇತುಹಾಕುತ್ತಾಳೆ, ನಿನ್ನೆ ಕೇಳಿಯೇಬಿಟ್ಟ, ಆ ಪದಕ್ಕೆ ಏನರ್ಥ ಅಕ್ಕ, ಶಾಲೆಯಲ್ಲಿ ಪಾಠ ಹೇಳುವವಳಲ್ಲವೆ, ಸಾಯದೇ ಇರೋನು ಅಂತಾನಾ, ಅವಳು ತಿರುಗಿಯೂ ನೋಡದೆ ಹೇಳಿದಳು, ಸಂಸ್ಕೃತದ್ದು ಕಣೋ, ಚಿರಂ ಅಂದ್ರೆ ಬಹಳ ಕಾಲ, ಜೀವಿ ಅಂದ್ರೆ ಬದುಕೋನು, ಎಂದೆಂದಿಗೂ ಅನ್ನೋದು ಆ ಅಕ್ಷರಗಳಲ್ಲಿ ಎಲ್ಲೂ ಇಲ್ಲ, ಆಮೇಲೆ ಜನ ಸೇರಿಸಿದ್ದು, ಅದು ಬರೀ ಹಾರೈಕೆ, ಸೀನಿದ ಮಗೂಗೂ ಹೇಳ್ತಾರೆ, ಎಲ್ಲಿ ಕೈತಪ್ಪಿ ಹೋಗತ್ತೋ ಅನ್ನೋ ಭಯಕ್ಕೆ, ಅಮ್ಮ ಇಬ್ಬರಿಗೂ ಹೇಳ್ತಿದ್ದಳಲ್ಲ — ಇಬ್ಬರಿಗೂ ಎಂದರೆ ಮಗನಿಗೂ ಅಳಿಯನಿಗೂ, ಹಾಗಾದರೆ ಭಾವನೂ ಚಿರಂಜೀವಿಯೇ,

ಎಳೀರೋ, ಭುಜದ ಚರ್ಮ ಕಿತ್ತುಬಂತು, ನೆಲ, ಬೆಳಕು, ಕೆಮ್ಮು, ಮೇಸ್ತ್ರಿ ಆಗಲೇ ಪಕ್ಕದ ಬಾಯ್ಲರಿನ ಮುಚ್ಚಳ ಬಿಚ್ಚಿಸುತ್ತಿದ್ದಾನೆ, ಏಳೋ, ಇದೊಂದು ಆಗಿಬಿಡಲಿ, ಇಲ್ಲ ಮೇಸ್ತ್ರಿ, ನಾನು ಇಳಿಯಲ್ಲ, ನಾನೂ ಸಾಯೋನೇ, ಎಂದ, ಗಟ್ಟಿಯಾಗಿಯೇ ಎಂದ, ಕೇಳಿದ್ರೇನ್ರೋ, ಚಿರಂಜೀವಿ ಸಾಯ್ತಾನಂತೆ, ಎಲ್ಲರೂ ಬಿದ್ದು ಬಿದ್ದು ನಕ್ಕರು, ಮೇಸ್ತ್ರಿ ಕಣ್ಣೊರೆಸಿಕೊಳ್ಳುತ್ತ ಮಸಿ ಕೆರೆಯುವ ಪಟ್ಟಿಯನ್ನು ಚಾಚಿದ, ಇವನು ಹಿಡಿಯಲಿಲ್ಲ, ಅದು ಠಣ್ಣೆಂದು ನೆಲಕ್ಕೆ ಬಿತ್ತು, ನಗು ನಿಂತಿತು, ಈಗ ಹೋಗಬಹುದು, ಗೇಟು ತೆರೆದೇ ಇದೆ, ಕಾಲೇ ಏಳುತ್ತಿಲ್ಲ, ಹೋದರೆ ಮನೆ, ಮನೆಯ ಮುಂದೆ ಹಗ್ಗ, ಹಗ್ಗದಲ್ಲಿ ಅಂಗಿ, ನೀಲಿ ಅಂಗಿ, ತೋಳಿನ ತುದಿಯಲ್ಲಿ ಒಂದು ಹನಿ, ಬೀಳದೆ