ದೊಡ್ಡಮ್ಮ ಎಂದು ಕರೆದ ಮಗಳು

ಊರು ಬಿಡಲು ಎಂಟು ದಿನ ಇರುವಾಗ ಬೋಡಿಲ್‌ಳ ನಾಲ್ಕು ವರ್ಷದ ಮಗಳು ಸಿಡ್ಸೆಲ್ ಹುಲ್ಲಿನ ಅಟ್ಟದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಎರಡು ತಿಂಗಳು ಅಲುಗಾಡಿಸಕೂಡದೆಂದು ಮೂಳೆ ಕಟ್ಟುವವನು ಹೇಳಿದ. ಡೆನ್ಮಾರ್ಕಿನ ಆ ಮನೆ ಆಗಲೇ ಬೇರೆಯವರದಾಗಿತ್ತು. ಅಮೆರಿಕಕ್ಕೆ ಹೊರಟ ಹಡಗು ಕಾಯುವಂತಿರಲಿಲ್ಲ.

"ಒಂದೇ ವರ್ಷ, ಬೋಡಿಲ್," ಎಂದ ಗಂಡ ಯೆಪ್ಪೆ. "ಬರೋ ವಸಂತದಲ್ಲಿ ನಮ್ಮೋರು ಯಾರಾದ್ರೂ ಹೊರಟೇ ಹೊರಡ್ತಾರೆ. ಅವರ ಜೊತೆ ಬರ್ತಾಳೆ."

ಬೋಡಿಲ್‌ಳ ತಂಗಿ ಮಾರೆನ್‌ಗೆ ಮಕ್ಕಳಿರಲಿಲ್ಲ. ಅವಳು ಮಗುವಿನ ಹಾಸಿಗೆಯ ಪಕ್ಕ ಕೂತು, "ನೀನು ಹೋಗಕ್ಕಾ. ನಾನೇನು ಹೊರಗಿನವಳಾ?" ಎಂದಳು. ಮಗು ನಿದ್ದೆಯಲ್ಲಿದ್ದಾಗಲೇ ಬೋಡಿಲ್ ಹೊಸ್ತಿಲು ದಾಟಿದಳು. ಎಬ್ಬಿಸಿದ್ದರೆ ಕಾಲು ಎತ್ತಿಡಲು ಆಗುತ್ತಿರಲಿಲ್ಲ.

ಹಡಗಿಳಿದ ಮೇಲೆ ಎತ್ತಿನ ಗಾಡಿಗಳ ಸಾಲಿನಲ್ಲಿ ಬಯಲು ದಾಟಿದರು. ಪ್ಲಾಟ್ ನದಿಯ ದಡದಲ್ಲಿ ಅವರ ಎರಡು ವರ್ಷದ ಮಗ ಆನರ್ಸ್ ಭೇದಿಯಿಂದ ಮೂರೇ ದಿನದಲ್ಲಿ ಹೋಗಿಬಿಟ್ಟ. ತೋಳಗಳು ಕೆದಕದಿರಲೆಂದು ಯೆಪ್ಪೆ ಗುಂಡಿಯ ಮೇಲೆ ಕಲ್ಲು ಹೇರಿದ. ಗಾಡಿಗಳು ಅಂದೇ ಮುಂದೆ ಸಾಗಿದವು.

ಯೂಟಾದ ಸ್ಯಾನ್‌ಪೀಟ್ ಕಣಿವೆಯಲ್ಲಿ ಗುಡ್ಡದ ಪಕ್ಕೆ ಕೊರೆದು ಮನೆ ಮಾಡಿಕೊಂಡರು. ಹಿಮ ಕರಗಿದರೆ ಸೂರಿನಿಂದ ಕೆಸರು ತೊಟ್ಟಿಕ್ಕುತ್ತಿತ್ತು. ಅಲ್ಲೇ ನೀಲ್ಸ್ ಹುಟ್ಟಿದ. ಆಮೇಲೆ ಅವಳಿ ಹೆಣ್ಣುಮಕ್ಕಳು. ಬೋಡಿಲ್ ಬೆಣ್ಣೆ ಕಡೆದಳು, ಕುರಿಯ ಉಣ್ಣೆ ನೂತಳು, ಮಿಡತೆ ಬಂದಾಗ ಗೋಧಿಯ ಪಾತಿಯಲ್ಲಿ ಬಟ್ಟೆ ಬೀಸುತ್ತ ಓಡಾಡಿದಳು. ಉಣ್ಣಲು ಕರೆಯುವಾಗ ಮಾತ್ರ ಮೊದಲು ಬಾಯಿಗೆ ಬರುವ ಹೆಸರು ಸಿಡ್ಸೆಲ್‌ಳದೇ. ಮಕ್ಕಳಿಗೆ ಅದು ರೂಢಿಯಾಗಿ ನಗುತ್ತಿದ್ದರು.

ಬೋಡಿಲ್‌ಗೆ ಓದು ಬರುತ್ತಿರಲಿಲ್ಲ. ತಂಗಿಯ ಕಾಗದ ಬಂದರೆ ಯೆಪ್ಪೆ ಓದಿ ಹೇಳುತ್ತಿದ್ದ. ಈ ವರ್ಷ ಮಗಳಿಗೆ ಕೆಮ್ಮಂತೆ. ಈ ವರ್ಷ ಜರ್ಮನರ ಜೊತೆ ಯುದ್ಧವಂತೆ. ಈ ವರ್ಷ ಕರೆತರುವವರಿಲ್ಲವಂತೆ.

ಎಂಟನೆಯ ವರ್ಷ ಅವಳು ನೆರೆಮನೆಯ ವಿಧವೆ ಡೋರ್ಟೆಯ ಬಳಿ ಹೋದಳು. "ನಂಗೆ ಅಕ್ಷರ ಹೇಳ್ಕೊಡೇ. ಮಗಳಿಗೆ ನನ್ನ ಕೈಯಾರೆ ಬರೀಬೇಕು."

"ಮೂವತ್ತೈದಾದ ಮೇಲಾ? ನಿನ್ನ ಬೆರಳು ಹಸುವಿನ ಕೆಚ್ಚಲಿಗೇ ಒಗ್ಗಿಹೋಗಿದೆ ಕಣೇ!" ಎಂದು ನಕ್ಕರೂ ಡೋರ್ಟೆ ರೊಟ್ಟಿಯ ಮಣೆ ಮೇಲೆ ಹಿಟ್ಟು ಹರಡಿ ಬರೆದು ತೋರಿಸಿದಳು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಬೋಡಿಲ್ ತಡವರಿಸಿ ಓದುವಂತಾದಳು. ಮೊದಲು ಓದಲು ಕೂತದ್ದು ಪೆಟ್ಟಿಗೆಯಲ್ಲಿದ್ದ ತಂಗಿಯ ಹಳೆಯ ಕಾಗದಗಳನ್ನೇ.

'ಭಾವ, ನೀವು ಬರೆದ ಹಾಗೇ ಮಗುವನ್ನು ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಅಕ್ಕನೂ ಒಪ್ಪಿದಳೆಂದು ತಿಳಿದು ಸಮಾಧಾನವಾಯಿತು. ಸಿಡ್ಸೆಲ್ ಈಗ ನನ್ನನ್ನೇ ಅಮ್ಮ ಎನ್ನುತ್ತಾಳೆ.'

ಅವಳು ಕಾಗದ ಹಿಡಿದು ಹೊಲಕ್ಕೆ ನಡೆದಳು. ಯೆಪ್ಪೆ ನೀರಿನ ಕಾಲುವೆ ಬಿಡಿಸುತ್ತಿದ್ದ.

"ನಾನ್ಯಾವಾಗ ಒಪ್ಪಿದೆ ಯೆಪ್ಪೆ?"

ಅವನು ಗುದ್ದಲಿ ಕೆಳಗಿಟ್ಟ. ಸುಳ್ಳು ಹೇಳಲು ಹೋಗಲಿಲ್ಲ. "ಆನರ್ಸ್‌ನ ಮೇಲೆ ಕಲ್ಲಿಟ್ಟಿದ್ದು ಈ ಕೈ. ಇನ್ನೊಂದು ಮಗೂನ ಆ ದಾರೀಲಿ ಕರೆಸೋ ಧೈರ್ಯ ನಂಗಿರ್ಲಿಲ್ಲ. ಅಲ್ಲಿದ್ರೆ ಬದುಕಿರ್ತಾಳೆ ಅನ್ನಿಸ್ತು."

"ಅದನ್ನ ನಂಗೆ ಹೇಳ್ಬಹುದಿತ್ತಲ್ಲ. ಎಂಟು ವರ್ಷ ದಾರಿ ನೋಡೋ ಹಾಗೆ ಮಾಡ್ದೆ."

"ಹೇಳಿದ್ರೆ ನೀನು ನಡ್ಕೊಂಡೇ ವಾಪಸ್ ಹೋಗ್ತಿದ್ದೆ."

ಹೋಗುತ್ತಿದ್ದಳು, ಅದು ಇಬ್ಬರಿಗೂ ಗೊತ್ತಿತ್ತು. ಆ ಬೇಸಿಗೆಯೆಲ್ಲ ಬೋಡಿಲ್ ಅವನಿಗೆ ಬಡಿಸಿದಳು, ಮಾತಾಡಲಿಲ್ಲ.

ಅವಳು ಬರೆದ ಮೊದಲ ಕಾಗದದಲ್ಲಿ ಆರೇ ಸಾಲು. 'ನಾನು ನಿನ್ನನ್ನು ಬಿಟ್ಟುಕೊಟ್ಟಿಲ್ಲ. ಬಾ.' ಸಿಡ್ಸೆಲ್ ಗುಂಡಗಿನ ಅಕ್ಷರದಲ್ಲಿ ಉತ್ತರ ಬರೆದಳು: ಅಮ್ಮನಿಗೆ ಎದೆಯ ಕಾಯಿಲೆ, ಬಿಟ್ಟು ಬರಲಾರೆ. 'ಅಮ್ಮ' ಎಂಬಲ್ಲಿ ಬೋಡಿಲ್‌ಳ ಕಣ್ಣು ನಿಂತುಬಿಟ್ಟಿತು. ಆದರೂ ತಂಗಿಗೆಂದು ಒಂದು ಜೊತೆ ಉಣ್ಣೆ ಕಾಲುಚೀಲ ಹೆಣೆದು, ಆ ಕಡೆ ಹೊರಟವರೊಬ್ಬರ ಕೈಯಲ್ಲಿ ಕಳಿಸಿದಳು.

ಮಾರೆನ್ ತೀರಿಕೊಂಡ ಮೇಲೆ, ಹತ್ತೊಂಬತ್ತು ತುಂಬಿದ ಸಿಡ್ಸೆಲ್ ಬಂದಳು. ಆಗ ರೈಲು ಬಂದಿತ್ತು. ಕೊನೆಯ ನಿಲ್ದಾಣಕ್ಕೆ ಗಂಡ ಹೆಂಡತಿ ಎರಡು ದಿನ ಗಾಡಿ ಹೊಡೆದುಕೊಂಡು ಹೋದರು. ಜನ ಇಳಿಯುವಾಗ ಬೋಡಿಲ್‌ಳ ನೋಟ ತನಗೆ ತಿಳಿಯದೆಯೇ ಸೊಂಟದೆತ್ತರದಲ್ಲಿ ಹುಡುಕುತ್ತಿತ್ತು. ಕಪ್ಪು ಶಾಲು ಹೊದ್ದ ಎತ್ತರದ ಹುಡುಗಿಯೊಬ್ಬಳು ಎದುರಿಗೆ ನಿಂತು ಕೇಳಿದಳು:

"ದೊಡ್ಡಮ್ಮಾ?"

ಯೆಪ್ಪೆ ಮುಖ ತಿರುಗಿಸಿಕೊಂಡ. ಬೋಡಿಲ್ ಅವಳ ಗಂಟಿಗೆ ಕೈ ಚಾಚಿ, "ಹೂಂ ಮಗಾ, ನಾನೇ. ಹಸಿವಾಗಿದ್ಯಾ?" ಎಂದಳು.

ಆ ಕರೆ ಹಾಗೆಯೇ ಉಳಿಯಿತು, ಬೋಡಿಲ್ ತಿದ್ದಲಿಲ್ಲ. ಸಿಡ್ಸೆಲ್ ಕಣಿವೆಯಲ್ಲೇ ಮದುವೆಯಾದಳು. ಚೊಚ್ಚಲ ಹೆರಿಗೆ ಕಷ್ಟವಾದ ದಿನ ಅವಳು ಹಾಸಿಗೆ ಕಿತ್ತುಬರುವಂತೆ ಹಿಡಿದು, "ಅಮ್ಮಾ!" ಎಂದು ಕೂಗಿದಳು. ಒಲೆಯ ಬಳಿ ನೀರು ಕಾಯಿಸುತ್ತಿದ್ದ ಬೋಡಿಲ್ ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬಂದಳು. ಕರೆದದ್ದು ಯಾರನ್ನು ಎಂದು ಅವಳಿಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಮಗಳ ಕೈ ಹಿಡಿದು, "ಇಲ್ಲೇ ಇದ್ದೀನಿ," ಎಂದಳು.